ಗಾರೆಯವನ ಸಾಕ್ಷಿ

ಹಡ್ಸನ್ ನದಿಗೆ ಬೆನ್ನು ಹಾಕಿ ನಿಂತ ನಮ್ಮೂರ ಕೋರ್ಟಿನಲ್ಲಿ
ಒಂದು ಗೋಡೆಯ ಪರವಾಗಿ ನಾನು ಸಾಕ್ಷಿ ಹೇಳಿದ್ದೇನೆ.
ಹೆಸರು? ಬ್ರೂನೊ ಟೊಫೋಲಿ. ಕಸುಬು? ಗಾರೆ ಕೆಲಸ.
ಎದುರು ಪಕ್ಷದ ವಕೀಲ ನನ್ನ ತಿಂಗಳ ಕೂಲಿಯನ್ನು
ಕಾಲಿಗೆ ಮೆಟ್ಟಿಕೊಂಡು ಬಂದಿದ್ದ.

ಪುರಸಭೆಯ ವಕೀಲೆ ಹೆಸ್ಟರ್ ಟೆನ್ ಐಕ್ ಎದ್ದಳು,
ಮೊಣಕೈ ಸವೆದ ಅದೇ ಕಂದು ಕೋಟು.
ಕೇಳಿದ್ದು ಒಂದೇ: "ಈ ಗೋಡೆ ಇನ್ನೆಷ್ಟು ವರ್ಷ?"
"ಅದರ ಪಾಡಿಗೆ ಬಿಟ್ಟರೆ
ನಮ್ಮನ್ನೆಲ್ಲ ಹೂತು ಬಂದು ನಿಲ್ಲುತ್ತದೆ."
ಜಡ್ಜ್ ನಕ್ಕರು. ಐಸ್ ಗೋದಾಮು ಉಳಿಯಿತು.

ಹಾಗೇ ಉಳಿದವು ದೋಣಿಕಟ್ಟೆಯ ಟಿಕೆಟ್ ಮನೆ,
ಹೆಂಗಸರು ಹ್ಯಾಟು ಹೊಲಿಯುತ್ತಿದ್ದ ಮೂರಂತಸ್ತು,
ಗಡಿಯಾರವಿಲ್ಲದ ಗಡಿಯಾರದ ಗೋಪುರ.
ಕಂದಾಯ ಕಚೇರಿಯ ಕೆಳಗೆ ಅವಳ ಕೋಣೆ,
ಚಳಿಗಾಲವೆಲ್ಲ ಕುಯ್ಯೋ ಅನ್ನುವ ಹೀಟರು.
ದೊಡ್ಡ ಕಂಪನಿಗಳು ಮೂರು ಸಲ ಕರೆದವು; ಹೋಗಲಿಲ್ಲ.
ಯಾಕೆಂದು ಊರಿಗೆ ಗೊತ್ತಿಲ್ಲ.
ನನಗೆ ಗೊತ್ತು.

ಅರವತ್ತೆಂಟರಲ್ಲಿ ನನಗೆ ಒಂಬತ್ತು ವರ್ಷ.
ನದಿ ಬೀದಿಯ ಮನೆಮನೆಗೂ ನೋಟಿಸು ಹಂಚುತ್ತ
ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಬಂದಳು.
ಅಂಚೆಗೆ ಹಾಕಬಹುದಿತ್ತು, ನಡೆದೇ ಬಂದಳು.
ಇಂಗ್ಲಿಷ್ ಓದಲು ಬಾರದ ಅಮ್ಮ
ಸರ್ಕಾರದವಳೆಂದು ಕೂರಿಸಿ ಕಾಫಿ ಕೊಟ್ಟಳು.
ಕುಡಿದಳು. ಪೂರ್ತಿ ಕುಡಿದಳು.
ಆಮೇಲೆ ಕೊನೆಯ ಸಾಲಿನ ಅರ್ಥ ಹೇಳಿದಳು.
ನಲವತ್ತೊಂದು ಮನೆ. ಎರಡು ವಾರ ಸಾಕಾಯಿತು.
ಈಗಲ್ಲಿ ಕಾರು ನಿಲ್ಲುತ್ತವೆ, ಭಾನುವಾರ ಅದೂ ಇಲ್ಲ.

ಮೂವತ್ತು ವರ್ಷ ಆ ಮಾತು ನಾವಿಬ್ಬರೂ ಎತ್ತಲಿಲ್ಲ.
ಒಮ್ಮೆ ಮಾತ್ರ, ಆ ವಯಸ್ಸಿನಲ್ಲಿ ಸಾರವೆ ಹತ್ತಿ ಬಂದು,
"ಸಿಮೆಂಟು ಯಾಕೆ ಮುಟ್ಟುವುದಿಲ್ಲ, ಬ್ರೂನೊ?"

"ಹಳೆ ಇಟ್ಟಿಗೆಗಿಂತ ಗಾರೆ ಮೆತ್ತಗಿರಬೇಕು.
ಚಳಿಗೆ ಗೋಡೆ ಮಿಸುಕುತ್ತದೆ, ಯಾರಾದರೂ ಸೋಲಬೇಕಲ್ಲ.
ಗಾರೆ ಸೋತರೆ ಮತ್ತೆ ಮೆತ್ತಬಹುದು.
ಇಟ್ಟಿಗೆಯೇ ಒಡೆದರೆ..."

ನಾನು ಮುಗಿಸಲಿಲ್ಲ. ಅವಳು ಹಸಿ ಸಂದಿಗೆ ಬೆರಳೊತ್ತಿ ನೋಡಿದಳು.
"ನಿಮ್ಮಮ್ಮನ ಕಾಫಿ ತುಂಬ ಕಹಿ ಇತ್ತು," ಅಂದಳು.
"ಸಕ್ಕರೆ ಕೇಳುವ ಮುಖ ಇರಲಿಲ್ಲ."

ನಿವೃತ್ತಿಯ ದಿನ ಗೋದಾಮಿನ ಬಾಗಿಲ ಪಕ್ಕ
ಅವಳ ಹೆಸರಿನ ಹಿತ್ತಾಳೆ ಫಲಕ ಹಾಕಲು ಹೊರಟರು.
ಬೇಡವೆಂದಳು; ಕಾನೂನಿನ ಕಲಮನ್ನೂ ತೋರಿಸಿದಳು.
ಅಷ್ಟರಲ್ಲಿ ನಾಲ್ಕು ತೂತು ಕೊರೆದಾಗಿತ್ತು.
ಮುಚ್ಚಲು ನನ್ನನ್ನು ಕರೆದರು, ವಾರ ಕಳೆದು.
ಸುಣ್ಣ, ನದಿಯ ಮರಳು, ಮೇಲೆ ಒದ್ದೆ ಗೋಣಿ.
ಮೂರು ಮುಚ್ಚಿದೆ.
ನಾಲ್ಕನೆಯದರಲ್ಲಿ ಆಗಲೇ ಒಂದು ಜೇಡ ಸಂಸಾರ ಹೂಡಿತ್ತು.
ಒಕ್ಕಲೆಬ್ಬಿಸಲಿಲ್ಲ.