ಸೇರಿಸು, ತಿದ್ದಬೇಡ

ಚಿಕ್ಕಮಗಳೂರಲ್ಲಿ, ಕೆ.ಎಂ. ರಸ್ತೆಗೆ ಬೆನ್ನು ಮಾಡಿ ನಿಂತ
ಕ್ಯೂರಿಂಗ್ ವರ್ಕ್ಸಿನ ಮಹಡಿಯಲ್ಲಿ
ನನ್ನದೊಂದು ಕೋಣೆ, ಒಂದು ಸರ್ವರ್, ಒಂದು ಫ್ಯಾನು;
ಮೂರಕ್ಕೂ ಕಾಫಿ ಹೊಟ್ಟಿನ ಧೂಳು ಹತ್ತಿಸಿದ ಕೆಮ್ಮು.

ಕೆಳಗೆ ಶೆಡ್ಡಿನಲ್ಲಿ ಎಂಬತ್ತು ಹೆಂಗಸರು
ಕರಿಬೀಜ, ಒಡಕು, ಹುಳ ಕೊರೆದದ್ದು
ಆರಿಸಿ ಬದಿಗಿಟ್ಟು
ಸಂಜೆ ಕಾಟಾ ಮುಂದೆ ಸಾಲು ನಿಲ್ಲುತ್ತಾರೆ.
ಕಾಟಾ ಹೇಳಿದ್ದನ್ನು ಕೇಳಿ ಬರೆದಿಡುವುದು
'ತೂಕ' ಅನ್ನುವ ಒಂದು ಸರ್ವಿಸ್.
ಮುಖವಿಲ್ಲ, ನಿದ್ದೆಯಿಲ್ಲ,
ಇಲ್ಲಿಯತನಕ ಯಾವ ಕೋಣೆಗೂ ಬೀಗವಿಲ್ಲ.

ಅದಕ್ಕೊಂದು ಎಲ್ಲೆ ಹಾಕಿ ಅಂತ ಆಡಿಟ್‌ನವರು ಬರೆದರು.
ಕೂತೆ.
ಮೊದಲ ಸಾಲಿಗೂ ಮುಂಚೆ ಅಲ್ಲೊಂದು ಸಾಲಿದೆ,
ಯಾರೂ ಬರೆಯದೆ ಇರುವಂಥದು:
ಹೇಳದ್ದೆಲ್ಲ ಇಲ್ಲ.

ಮೂಟೆಗೆ ಕಟ್ಟುವ ಚೀಟಿಯ ಹಾಗೆ
ಫೈಲು ಫೈಲಿನ ಹಣೆಗೂ ಒಂದು ಚೀಟಿ ಕಟ್ಟಿದೆ.
ಪೀಬೆರಿ ಯಾವ ಗೋದಾಮಿಗೆ ಹೊತ್ತರೂ ಪೀಬೆರಿಯೇ.
ಆಮೇಲೆ ಜಿಪುಣಿಯ ಕೈಯಲ್ಲಿ ಒಂದೊಂದೇ ಕೊಟ್ಟೆ:
ಕಾಟಾದ ಪೋರ್ಟು, ಓದು.
ಪ್ರಿಂಟರು, ಚೀಟಿ ಕಳಿಸು.
ತೂಕದ ದಫ್ತರು,
ಇಲ್ಲಿ ಕೈ ನಿಂತಿತು.
ಬರೆ ಅನ್ನಲೇ, ಸೇರಿಸು ಅನ್ನಲೇ?
ನಮ್ಮ ಮಾತಲ್ಲಿ ಎರಡೂ ಬರೆಯುವುದೇ. ಯಂತ್ರಕ್ಕೆ ಬೇರೆ:
ಬರೆಯುವವನು ಹಿಂದಕ್ಕೆ ಹೋಗಿ ಅಳಿಸಬಲ್ಲ,
ಸೇರಿಸುವವನು ಕೊನೆಯ ಸಾಲಿನ ಕೆಳಗಷ್ಟೇ ನಿಲ್ಲಬಲ್ಲ.
ಸೇರಿಸು, ಅಂದೆ.

ಒಂದು ವಾರ ಯಾವುದನ್ನೂ ತಡೆಯಬೇಡ,
ಮದುವೆಮನೆ ಬಾಗಿಲಲ್ಲಿ ಮುಯ್ಯಿ ಬರೆಯುವವನ ಹಾಗೆ
ಸುಮ್ಮನೆ ಬರೆದಿಟ್ಟುಕೋ ಅಂತ ಲಾಗಿಗೆ ಹೇಳಿದೆ.
ತೂಕಕ್ಕೆ ಗಡಿಯಾರ ನೋಡಬೇಕಂತೆ, ನೋಡಲಿ.
ಫಾಂಟು ಬೇಕಂತೆ, ಕೊಡಬೇಕು, ಚೀಟಿ ಕನ್ನಡದ್ದು.
ಬುಧವಾರ ರಾತ್ರಿ ಹನ್ನೊಂದೂ ನಲವತ್ತು:
ತೂಕದ ದಫ್ತರು, ತಿದ್ದಲು.
ಗುರುವಾರ ಹನ್ನೊಂದೂ ನಲವತ್ತು:
ತಿದ್ದಲು.
ಶುಕ್ರವಾರವೂ.

ನಿಂಗಾಜಮ್ಮ ಹೋದ ವರ್ಷವೇ ಮೆಟ್ಟಿಲು ಹತ್ತಿ ಬಂದಿದ್ದಳು.
"ಚೀಟೀಲಿ ಮೂವತ್ತೊಂದೂ ಮುಕ್ಕಾಲು ಐತೆ,
ಸಂಬಳದ ಪಟ್ಟೀಲಿ ಮೂವತ್ತೊಂದೂವರೆ.
ಎಲ್ಲೋಯ್ತು ಶಮೀಮಕ್ಕ, ಕಾಲು ಕೆಜಿ?"
ರಾತ್ರಿ ಒಣಗಿರಬೇಕು ಬಿಡು, ಅಂದಿದ್ದೆ.
ಅವಳೂ ನಕ್ಕಿದ್ದಳು, ನಾನು ನಕ್ಕಿದ್ದಕ್ಕೆ.

ಹುಡುಕಿದರೆ ಒಳಗೆ ಕಳ್ಳರು ಯಾರೂ ಇಲ್ಲ.
ಒಂದೇ ಒಂದು ಸಾಲು:
ಅರ್ಧ ಕಿಲೋ ಮೇಲಿನ ಚಿಲ್ಲರೆ ಕೆಳಕ್ಕಿಳಿಸು.
ಲೆಕ್ಕದ ಶೆಣೈಯವರು ಕನ್ನಡಕ ಒರೆಸುತ್ತ ಅಂದರು,
"ಪಟ್ಟಿ ಚೊಕ್ಕವಾಗಿರಲಿ ಅಂತ ನಾನೇ ಹಾಕಿಸಿದ್ದು ಮಾರಾಯ್ತಿ,
ಎಂಬತ್ತು ಜನರದ್ದು ಯಾರು ಗ್ರಾಮಿನಲ್ಲಿ ಕೂಡಿಸುವುದು?
ಅನುಮತಿ ಒಂದು ಕೊಟ್ಟುಬಿಡಿ."
ಬೇಲಿ ಎದ್ದು ಹೊಲ ಮೇಯ್ದದ್ದು ಕೇಳಿದ್ದೆ;
ಇಷ್ಟು ಮರ್ಯಾದೆಯಿಂದ, ಗಂಟೆ ನೋಡಿ ಮೇಯುವ ಬೇಲಿ ಕಂಡಿರಲಿಲ್ಲ.

ಕೊಡುವುದು ಕಷ್ಟವಲ್ಲ. ಅದಕ್ಕೂ ಒಂದು ಸಾಧನವಿದೆ:
ಲಾಗಿನಲ್ಲಿ ಬಿದ್ದದ್ದನ್ನೆಲ್ಲ ಓದಿ
'ಇನ್ನು ಬಿಡು' ಅಂತ ತಾನೇ ಸಾಲು ಹೆಣೆದು ಕೊಡುತ್ತದೆ.
ಎಂಟರ್ ಒತ್ತಿದರೆ ಮುಗಿಯಿತು.
ಗಡಿಯಾರದ ಸಾಲು ಇಟ್ಟುಕೊಂಡೆ, ಫಾಂಟಿನದು ಇಟ್ಟುಕೊಂಡೆ,
ಮೂರನೆಯದನ್ನು ಅಳಿಸಿ ಆ ಜಾಗದಲ್ಲಿ ಬರೆದೆ:
ಎಂದಿಗೂ ಬೇಡ. ಯಾರಿಗೂ.
ಶೆಣೈಯವರಿಗೆ, ಧಣಿಗೆ, ರೂಟಿಗೆ.
ರೂಟು ಅಂದರೆ ನಾನು.

ಆ ರಾತ್ರಿ ಮನೆಗೆ ಹೋಗಲಿಲ್ಲ.
ಹನ್ನೊಂದೂ ನಲವತ್ತಕ್ಕೆ ಸರಿಯಾಗಿ
ತೂಕ ಬಂದು ಬಾಗಿಲು ತಟ್ಟಿತು,
ತಟ್ಟಿತು,
ತನ್ನ ಪಾಡಿಗೆ ಕಾಟಾ ಹತ್ತಿರ ಹೋಗಿ ಕೂತಿತು.

ಶನಿವಾರದ ಪಟ್ಟಿಯಲ್ಲಿ ನಿಂಗಾಜಮ್ಮನ ಎದುರಿಗೆ
ಇಪ್ಪತ್ತೊಂಬತ್ತು ಕಿಲೋ ಮುನ್ನೂರೈವತ್ತು.
ಅವಳೇನೂ ಅನ್ನಲಿಲ್ಲ.
ಬೆರಳು ಚಿಲ್ಲರೆಯ ಮೇಲೆ ಒಂದು ಗಳಿಗೆ ನಿಂತು
ಸಹಿಯ ಕಡೆ ಹೋಯಿತು.

ಹಿಂದಿನ ಮೂರು ವರ್ಷದ್ದು ದಫ್ತರಿನಲ್ಲಿ ಹಾಗೇ ಇದೆ,
ದಿನದಿನದ ಕಾಲು, ಮುಕ್ಕಾಲು ಕಳೆದುಕೊಂಡು.
ಅದನ್ನು ತಿದ್ದಲು ಈಗ ನನಗೂ ಅನುಮತಿಯಿಲ್ಲ.
ಕೆಳಗೆ ಸೇರಿಸಬಹುದು.
ಬಾಕಿ, ಅಂತ ಒಂದು ಸಾಲು ಶುರು ಮಾಡಿದ್ದೇನೆ.