ಎರಡನೆಯ ಪೆಟ್ಟಿಗೆ

ದೋನ್ ನಿಬಾಲ್ದೋ, ಮೊನ್ನೆ ಸಭೆಯಲ್ಲಿ ನೀವು ಕೇಳಿದಿರಿ:
ಹನ್ನೊಂದು ವರ್ಷ ಕೆಮ್ಮದೆ ದುಡಿದ ಪೆಟ್ಟಿಗೆ ಇರುವಾಗ
ಇನ್ನೊಂದೇಕೆ, ಫ್ರೆಸಿಯಾ?
ಸುಮ್ಮನೆ ಕೂತು ಕರೆಂಟು ತಿನ್ನುವ ಬಾಯಿ.

ಎಲ್ಲರೂ ನಕ್ಕರು. ನಾನೂ ನಕ್ಕೆ.
ಉತ್ತರ ಈಗ ಬರೆಯುತ್ತಿದ್ದೇನೆ,
ಕಾಸ್ತ್ರೋ ಆಸ್ಪತ್ರೆಯ ನೆಲಮಾಳಿಗೆಯಲ್ಲಿ,
ರಬ್ಬರ್ ಬೂಟು ಹಾಕಿಕೊಂಡು.

ಜುಲೈ ತಿಂಗಳ ಆ ರಾತ್ರಿ ಗಾಳಿ ಬಡಗಣದಿಂದ.
ಹತ್ತೂವರೆಗೆ ದೀಪ ಮೂರು ಸಲ ರೆಪ್ಪೆ ಬಡಿಯಿತು,
ಆಮೇಲೆ ನೆಟ್ಟಗೆ ಉರಿಯಿತು.
ಪೆಟ್ಟಿಗೆ ಮಾತ್ರ ಕಣ್ಣು ತೆರೆಯಲಿಲ್ಲ.
ಯಾರಿಗೂ ತಿಳಿಯಲಿಲ್ಲ.

ಇಲ್ಲಿ ವಿಳಾಸ ಸ್ವಂತದ್ದಲ್ಲ, ಬಾಡಿಗೆಯದು.
ಮಾಲೀಕ ಸತ್ತರೂ ಗಡುವು ಮುಗಿಯುವ ತನಕ
ಬಾಡಿಗೆದಾರ ಒಲೆ ಹಚ್ಚುತ್ತಲೇ ಇರುತ್ತಾನೆ.
ಗಡುವು ಎಂಟು ಗಂಟೆ.
(ಸಾಕು ಎಂದು ಗೊತ್ತುಮಾಡಿದವಳು ನಾನೇ.)
ಅರ್ಧ ಕಳೆದಾಗ ಪ್ರತಿ ಯಂತ್ರವೂ
ಮಾಲೀಕನ ಕದವನ್ನು ಮೆಲ್ಲಗೆ ತಟ್ಟುತ್ತದೆ;
ಓಗೊಡದಿದ್ದರೆ ಕಾಯುತ್ತದೆ, ಮತ್ತೆ ತಟ್ಟುತ್ತದೆ;
ಏಳನೆಯ ಗಂಟೆಗೆ ಬೀದಿಗಿಳಿದು
ಯಾರಾದರೂ ಇದ್ದೀರಾ ಎಂದು ಕೂಗುತ್ತದೆ.

ಬೀದಿಯಲ್ಲಿ ಯಾರೂ ಇರಲಿಲ್ಲ, ದೋನ್ ನಿಬಾಲ್ದೋ.

ಎರಡೂವರೆಗೆ ರಕ್ತಪರೀಕ್ಷೆಯ ಪ್ರಿಂಟರ್ ಹೋಯಿತು.
ಆಮೇಲೆ ಹೆರಿಗೆ ವಾರ್ಡಿನ ಮೇಜು.
ಕ್ಷ-ಕಿರಣದ ಕೋಣೆಯ ಕಂಪ್ಯೂಟರ್
ನೂರ ಅರವತ್ತೊಂಬತ್ತರಿಂದ ಶುರುವಾಗುವ ಹೆಸರೊಂದನ್ನು
ತನಗೆ ತಾನೇ ಇಟ್ಟುಕೊಂಡಿತು,
ಯಾವ ಅಂಚೆಯವನಿಗೂ ಗೊತ್ತಿಲ್ಲದ ಹೆಸರು.
ಒತಿಲಿಯಾ ಚಿಗುವಾಯ್, ರಾತ್ರಿ ಪಾಳಿಯ ನರ್ಸ್,
ಕೈಗವಸಿನ ಡಬ್ಬ ಹರಿದು, ಅದರ ರಟ್ಟಿನ ಮೇಲೆ
ರಕ್ತದ ಲೆಕ್ಕ ಬರೆದುಕೊಂಡು
ನಾಲ್ಕು ಮಹಡಿ ಹತ್ತಿದಳು. ಇಳಿದಳು. ಹತ್ತಿದಳು.
ಆ ರಟ್ಟು ನನ್ನ ಹತ್ತಿರ ಇದೆ.

ನನ್ನ ಅಜ್ಜನ ಮನೆ ಒಮ್ಮೆ ಊರು ಬದಲಿಸಿತು.
ನಿಮಗೆ ಗೊತ್ತು, ನೀವೂ ಈ ದ್ವೀಪದವರೇ:
ಅಡಿಗೆ ಮರದ ದಿಮ್ಮಿ, ಸುತ್ತ ಹಗ್ಗ, ಏಳು ಜೋಡಿ ಎತ್ತು,
ಉಬ್ಬರ ಬಂದಾಗ ಮನೆ ಪರದೆ ಸಮೇತ ಕಡಲಿಗಿಳಿದು
ಆಚೆ ದಡದಲ್ಲಿ ಹತ್ತಿತು.
ಮರುವಾರ ಅಂಚೆಯವನು ಹಳೆಯ ಜಾಗಕ್ಕೆ ಬಂದು
ನಾಲ್ಕು ಕಲ್ಲು ನೋಡಿ ಕಾಗದ ವಾಪಸು ಒಯ್ದ.
ಮನೆ ಇತ್ತು, ಒಲೆ ಇತ್ತು, ಅಜ್ಜಿ ಇದ್ದಳು.
ಆ ರಾತ್ರಿ ನಮ್ಮ ಯಂತ್ರಗಳು ಇದ್ದ ಹಾಗೆ.

ಆದರೆ ನಾನು ಹೇಳಹೊರಟಿದ್ದು ಎಂಟನೆಯ ಜೋಡಿಯ ಮಾತು.
ಅಜ್ಜ ಎಂಟು ಜೋಡಿ ಕರೆಸಿದ್ದ.
ಒಂದು ದಿನವಿಡೀ ಸೇಬಿನ ಮರಕ್ಕೆ ಕಟ್ಟಿಸಿಕೊಂಡು ಮೇಯಿತು.
ನೊಗಕ್ಕೆ ಹೆಗಲು ಕೊಡಲೇ ಇಲ್ಲ.
ಊರು ನಕ್ಕಿತು. ಸಂಜೆ ಊಟಕ್ಕೆ ಕೂತಾಗ
ಅಜ್ಜ ಆ ಎತ್ತಿನವನ ಎಲೆಗೂ
ಉಳಿದವರಷ್ಟೇ ಮಾಂಸ, ಉಳಿದವರಷ್ಟೇ ಆಲೂಗೆಡ್ಡೆ ಬಡಿಸಿದ.

ಇನ್ನು ಯೋಜನೆ.
ಎರಡನೆಯ ಪೆಟ್ಟಿಗೆ ಇಲ್ಲಿ ಬೇಡ,
ಕಡಲು ನುಸಿಯುವ ಈ ಗೋಡೆಯ ಪಕ್ಕ ಬೇಡ.
ಮೂರನೆಯ ಮಹಡಿ, ಹಾಸಿಗೆ ಬಟ್ಟೆಯ ಕೋಣೆ, ಬೇರೆ ಲೈನು.
ಒಂದೇ ಪ್ಲಗ್ಗಿಗೆ ಸಿಕ್ಕಿಸಿದ ಎರಡು ಪೆಟ್ಟಿಗೆ
ಒಂದೇ ಪೆಟ್ಟಿಗೆ.
ಪಾಲು ಮೊದಲೇ ಆಗಿರಲಿ:
ನೂರರಲ್ಲಿ ಎಂಬತ್ತು ಹೆಸರು ದೊಡ್ಡದಕ್ಕೆ, ಇಪ್ಪತ್ತು ಚಿಕ್ಕದಕ್ಕೆ;
ನಡುವಿನ ತಂತಿ ಕಡಿದು ಒಂದರ ದನಿ ಒಂದಕ್ಕೆ ಕೇಳದಿದ್ದರೂ
ಒಂದೇ ಮನೆಯನ್ನು ಇಬ್ಬರಿಗೆ ಬಾಡಿಗೆ ಕೊಡಬಾರದು.
ಕಾಯಂ ಹೆಸರಿನವರನ್ನು, ಪ್ರಿಂಟರು, ಮಾನಿಟರುಗಳನ್ನು,
ಎರಡೂ ಪುಸ್ತಕದಲ್ಲಿ ಬರೆಯಬೇಕು; ಜನ ಮರೆಯುವುದು ಇದನ್ನೇ.
ಗಡುವು ಎಂಟು ಗಂಟೆಯಲ್ಲ, ಎಂಟು ದಿನ:
ದೋಣಿ ನಿಲ್ಲಬಹುದು, ನನಗೆ ಜ್ವರ ಬರಬಹುದು.
ಮೂರು ತಿಂಗಳಿಗೊಮ್ಮೆ, ನಡುಹಗಲು, ಎಲ್ಲರೆದುರು
ದೊಡ್ಡದರ ವೈರು ನಾನೇ ಕೀಳುತ್ತೇನೆ.
ಆಗ ಬೈಯಿರಿ. ರಾತ್ರಿ ಬೈಯುವುದಕ್ಕಿಂತ ಅಗ್ಗ.

ನೀವು ಕೇಳದ ಇನ್ನೊಂದು ವಿಷಯ.
ಇದನ್ನೆಲ್ಲ ಬಲ್ಲವಳು ಈ ಕಟ್ಟಡದಲ್ಲಿ ನಾನೊಬ್ಬಳೇ.
ಗುಪ್ತಪದ ನನ್ನ ತಲೆಯಲ್ಲಿದೆ,
ತಲೆಗೆ ಐವತ್ತೆಂಟು.
ದಾಖಲೆ ಕೋಣೆಯ ಆ ಹುಡುಗ, ಬೆಲಾರ್ಮಿನೋ,
ನಾನು ಕೆಳಗಿಳಿದಾಗೆಲ್ಲ ಹಿಂದೆ ಬಂದು ನಿಲ್ಲುತ್ತಾನೆ,
ಏನೂ ಕೇಳುವುದಿಲ್ಲ.
ಅವನಿಗೂ ಒಂದು ಜೊತೆ ಬೂಟು ಬೇಕು. ಅಳತೆ ನಲವತ್ತೊಂದು.

ಈ ಅರ್ಜಿಯ ಒಂದು ಪ್ರತಿ ನಿಮ್ಮ ಮೇಜಿನ ಮೇಲಿದೆ.
ಇನ್ನೊಂದು ಒತಿಲಿಯಾಳ ಜೇಬಿನಲ್ಲಿ.