ಸೋರದ ಬಿರುಕು

ಕೀಲಿ ತಿರುಗಿಸಬೇಡ, ನೆಮೇಸಿಯಾ, ಸಾಕು.
ಬ್ಯಾಟರಿಯ ಜೀವ ತಿನ್ನಬೇಡ.
ಉಯುನಿಯ ಈ ಚಳಿಯಲ್ಲಿ ನಾಯಿಯೂ
ಒಂದೇ ಕೂಗಿಗೆ ಏಳುವುದಿಲ್ಲ.
ಇದು ಮೂವತ್ತೆಂಟು ವರ್ಷದ ವೋಲ್ವೊ,
ಬೆನ್ನ ಮೇಲೆ ಎಂಟು ಟನ್ನು ಉಪ್ಪಿನ ಇಟ್ಟಿಗೆ.

ಮೊದಲು ಬೆಂಕಿ. ತಗಡಿನ ಮೇಲೆ ಲಾಮಾ ಹಿಕ್ಕೆ
ಕೆಂಡವಾಗಲಿ, ಇಂಜಿನ್ನಿನ ಹೊಟ್ಟೆಯ ಕೆಳಗೆ ಸರಿಸು.
ಒಳಗಿನ ಆಯಿಲು ಪಾಕ ಕಟ್ಟಿದೆ.
ಅದು ಸಡಿಲವಾಗುವ ತನಕ
ನನಗೊಂದು ಹಿಡಿ ಕೋಕಾ ಎಲೆ ಕೊಡು,
ಹೊಗೆಯ ವಿಚಾರ ಮಾತಾಡೋಣ.

ಏರಿನಲ್ಲಿ ಕಪ್ಪು ಅಂದೆಯಲ್ಲ, ಅದಕ್ಕೆ ಹೆದರಬೇಡ.
ಹನ್ನೆರಡು ಸಾವಿರ ಅಡಿ ಮೇಲೆ ಗಾಳಿಯೇ ತೆಳು;
ಡೀಸೆಲ್ಲು ಅರೆಬೆಂದು ಆಚೆ ಬೀಳುತ್ತದೆ.
ಪ್ರವಾಸಿಗರೂ ಹೋಟೆಲಿನ ಮೆಟ್ಟಿಲಲ್ಲಿ ಹಾಗೆಯೇ ಏದುತ್ತಾರೆ.
ಏರ್ ಫಿಲ್ಟರ್ ಬಿಚ್ಚಿ ಕೊಡವು,
ಉದುರಿದ ಉಪ್ಪು ಒಂದು ಸಾರಿಗೆ ಸಾಕಾದೀತು.
ನೀಲಿ ಹೊಗೆ ಬಂದ ದಿನ ಬಾ,
ಅಂದು ಇಬ್ಬರೂ ಕೂತು ಅಳೋಣ.

ಈಗಿನದು ಬಿಳಿ.
ಬಿಳಿಯೆಂದರೆ ಎಣ್ಣೆ ಬಂತು, ಬೆಂಕಿ ಹತ್ತಲಿಲ್ಲ.
ಆದರೆ ನೋಡು, ಹತ್ತು ಸುತ್ತು ಏನೂ ಬಿಡದೆ
ಬರಿದೇ ತಿರುಗುತ್ತದೆ,
ಆಮೇಲೆ ಒಂದು ಬಿಳಿ ಬಿಕ್ಕಳಿಕೆ. ಮತ್ತೆ ಸುಮ್ಮನೆ.
ರಾತ್ರಿಯಿಡೀ ನಿಂತರೆ ಮಾತ್ರ ಹೀಗೆ,
ಹಗಲು ಮಗುವಿನಂತೆ ಕೇಳುತ್ತದೆ, ಅಲ್ಲವೇ?
ಹೂಂ ಅನ್ನು.

ಆಕೆ ಹೂಂ ಅನ್ನಲಿಲ್ಲ. ಹ್ಯಾಟು ನೇರ ಮಾಡಿಕೊಂಡಳು.
"ಮೂರು ವರ್ಷದ ಹಿಂದೆಯೂ ಹೀಗೆಯೇ ಇತ್ತು, ಮೇಸ್ತ್ರಿ.
ಪಂಪು ಹೋಗಿದೆ ಅಂದಿರಿ.
ನನ್ನ ಗಂಡ ಆರು ಲಾಮಾ ಮಾರಿದ."

ಸ್ಪ್ಯಾನರು ಹುಡುಕಿದೆ. ಕೈಯಲ್ಲೇ ಇತ್ತು.

ಕ್ಯಾಬಿನ್ನಿನ ತಲೆಯ ಮೇಲೊಂದು ಡಬ್ಬಿ ಡೀಸೆಲ್ಲು ಇಟ್ಟೆ,
ಟ್ಯಾಂಕಿನ ದಾರಿ ಬಿಟ್ಟು ನೇರ ಪಂಪಿಗೆ ಕೊಳವೆ ಕೊಟ್ಟೆ,
ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ ಒತ್ತಿ
ಗುಳ್ಳೆ ನಿಲ್ಲುವ ತನಕ ನೊರೆ ಹರಿಸಿದೆ.
ಈಗ ತಿರುಗಿಸು.
ಎರಡೇ ಸುತ್ತು. ಗುಡುಗಿತು.
ಶೆಡ್ಡಿನ ತಗಡು, ನನ್ನ ದವಡೆ, ಚಹದ ಲೋಟ ಎಲ್ಲ ನಡುಗಿದವು.
ಬಿಳಿ ಬಂತು, ಬೂದಿಯಾಯಿತು, ಆಮೇಲೆ
ಹೊಗೆಯಿರಬೇಕಾದಲ್ಲಿ ಬರೀ ಆಕಾಶ ಅಲುಗಾಡಿತು.

ಪಂಪು ಕಲ್ಲಿನಂತೆ ಗಟ್ಟಿ. ಅಂದೂ ಇತ್ತು.

ಟ್ಯಾಂಕಿನಿಂದ ಬರುವ ರಬ್ಬರು ಪೈಪು, ಕ್ಲಿಪ್ಪಿನ ಅಡಿಯಲ್ಲಿ
ಉಗುರು ಗೀರಿದಷ್ಟು ಬಿರುಕು.
ಹೊರಗೆ ಒಂದು ಹನಿ ಸೋರುವುದಿಲ್ಲ, ಒರೆಸಿ ನೋಡಿದರೆ ಒಣಗಿದೆ;
ಇದು ಒಳಕ್ಕೆ ಎಳೆಯುವ ಬಿರುಕು.
ರಾತ್ರಿಯೆಲ್ಲ ಗಾಳಿ ಕುಡಿದು
ಎಣ್ಣೆಯನ್ನು ಮೆಲ್ಲಗೆ ಟ್ಯಾಂಕಿಗೆ ವಾಪಸು ಕಳಿಸುತ್ತದೆ.
ಅಂದು ಪಂಪು ಕೂಡಿಸುವಾಗ
ಇದೇ ಕ್ಲಿಪ್ಪನ್ನು ಅರ್ಧ ಸುತ್ತು ಬಿಗಿ ಮಾಡಿದ್ದೆ.
ಮೂರು ಚಳಿಗಾಲ ಓಡಿದ್ದು
ಆ ಅರ್ಧ ಸುತ್ತಿನಿಂದ.

ಹೇಳಿದೆ. ಇಂಜಿನ್ನು ಓಡುತ್ತಿರುವಾಗಲೇ ಹೇಳಿದೆ,
ಕೇಳಿಸದಿದ್ದರೆ ಕೇಳಿಸದಿರಲಿ ಎಂದು.
ಆಕೆ ಬಗ್ಗಿ ಇಂಜಿನ್ನು ಆರಿಸಿ
"ಇನ್ನೊಮ್ಮೆ ಹೇಳಿ" ಅಂದಳು.

ಇನ್ನೊಮ್ಮೆ ಹೇಳಿದೆ.

ಹೊಸ ಪೈಪು ಒಂದು ಗೇಣು. ದುಡ್ಡು ಬೇಡವೆಂದೆ.
ಆಕೆ ಎಣಿಸಿ ಬೆಂಚಿನ ಮೇಲಿಟ್ಟಳು, ಪೈಪಿನ ಬೆಲೆ ಅಷ್ಟೇ.
ಮುಂದಿನ ಚಕ್ರಕ್ಕೆ ಮದ್ಯ ಚಿಮುಕಿಸಿದಳು, ಭೂತಾಯಿಗೆರಡು ಹನಿ.
ಬಾಟಲಿ ನನ್ನತ್ತ ಚಾಚಲಿಲ್ಲ.
"ಆರಕ್ಕೂ ಹೆಸರಿತ್ತು, ಮೇಸ್ತ್ರಿ," ಅಂದಳು ಏರುತ್ತ.
ಹೆಸರು ಹೇಳಲಿಲ್ಲ.

ಒಂದೇ ಸುತ್ತಿಗೆ ಹೊರಟಿತು ಗಾಡಿ.
ಹಳೇ ಪೈಪು ಕೈಯಲ್ಲಿ ಉಳಿದಿದೆ.
ಬಗ್ಗಿಸಿದರೆ ಬಾಯಿ ಬಿಡುತ್ತದೆ,
ಬಿಟ್ಟರೆ ಮುಚ್ಚಿಕೊಳ್ಳುತ್ತದೆ.
ಸಂಜೆ ಕೆಲಸದ ಹುಡುಗ ಬಂದಾಗ
ಇದನ್ನೇ ಮೊದಲ ಪಾಠ ಮಾಡಬೇಕು.